ಸರಪಳಿಯೊಂದೇ ಸಾಲದು
ಮುಧೋಳದ ಬೇಟೆನಾಯಿಯ ಕೀರ್ತಿ ದೊಡ್ಡದು. ಘೋರ್ಪಡೆ ಅರಸರು ಪೋಷಿಸಿದ ಈ ತಳಿ 2005ರಲ್ಲಿ ಭಾರತದ ಅಂಚೆಚೀಟಿಯನ್ನೇರಿತು. ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನ ಕೇಂದ್ರವೂ ಇದೆ. ಆದರೆ ಬೀಳಗಿ, ಜಮಖಂಡಿಗಳ ಅಂಗಳಗಳಲ್ಲಿ ಅದನ್ನು ಸಾಕುವವರಿಗೆ ಕೀರ್ತಿಯ ಹೆಮ್ಮೆಯೊಡನೆ ಸ್ವಭಾವದ ಅರಿವೂ ಬೇಕು.

ಓಡುವ ಬೇಟೆಯನ್ನು ಕಣ್ಣಿನಿಂದಲೇ ಹಿಡಿದು ಬೆನ್ನಟ್ಟುವ ಪ್ರಾಣಿಯದು. ಅದನ್ನು ಹಗಲಿರುಳು ಸರಪಳಿಯಲ್ಲಿ ಬಿಗಿದು, ಗುರುಗುಟ್ಟಿದಾಗ ಬಡಿದು, ಕಚ್ಚಿದಾಗ ಜಾತಿಯೇ ಕ್ರೂರವೆಂದು ದೂರುವುದು ಯಾವ ನ್ಯಾಯ? ಏಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಟ್ಟೀತು, ಭಯವನ್ನು ಬಿಡದು. ಮುಂದೆ ಅದು ಮುನ್ಸೂಚನೆಯಿಲ್ಲದೆಯೇ ಕಚ್ಚೀತು.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಪಶುವೈದ್ಯರಿಗೆ ತೋರಿಸಬೇಕು. ನೋವುಂಡ ನಾಯಿಯೂ ಕಚ್ಚುವುದುಂಟು. ಹುಚ್ಚುನಾಯಿ ರೋಗದ ಚುಚ್ಚುಮದ್ದು ತಪ್ಪಬಾರದು. ನಿತ್ಯವೂ ಓಟ ಬೇಕು. ಬೀದಿಗೆ ತಂದಾಗ ಬಾಯಿಗೆ ಕುಕ್ಕೆ ಬೇಕು. ಅಪರಿಚಿತರನ್ನು ದೂರದಿಂದ ಕಂಡೂ ಶಾಂತವಾಗಿದ್ದರೆ ರೊಟ್ಟಿಯ ತುಣುಕನ್ನಿತ್ತು, ದಿನಕಳೆದಂತೆ ಆ ದೂರವನ್ನು ಕಿರಿದುಗೊಳಿಸಬೇಕು. ಚಿಕ್ಕ ಮಕ್ಕಳನ್ನು ಅದರೊಡನೆ ಒಂಟಿಯಾಗಿ ಬಿಡಲಾಗದು.

2024ರಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಉಗ್ರವೆಂದು ಹೆಸರಿಸಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕದ ಹೈಕೋರ್ಟು ಅದೇ ವರ್ಷ ರದ್ದುಗೊಳಿಸಿತು. ತಳಿಯ ಹೆಸರು ಹಿಡಿದು ನಿಷೇಧಿಸುವುದು ಸುಲಭ. ಒಡೆಯನಿಗೆ ಹೊಣೆಯನ್ನು ಕಲಿಸುವುದೇ ಕಷ್ಟ. ಆದರೆ ಊರಿಗೆ ಬೇಕಾದುದು ಆ ಎರಡನೆಯದೇ.