ಕಿರುಹಳಿಯ ಬದಿಯ ಕಟ್ಟಡಗಳು

ನಮ್ಮ ನಾಡಿನಲ್ಲಿ ದೇವಾಲಯವು ಹಳೆಯದಾದರೆ ಅದಕ್ಕೊಂದು ಸ್ಥಳಪುರಾಣ ಹುಟ್ಟುತ್ತದೆ. ಕೋಟೆಯು ಹಳೆಯದಾದರೆ ಲಾವಣಿ ಹುಟ್ಟುತ್ತದೆ. ಹಳ್ಳಿಗಾಡಿನ ರೈಲ್ವೆ ಸ್ಟೇಷನ್ನು ಹಳೆಯದಾದರೆ ಅದರ ಪಾಲಿಗೆ ಬರುವುದು ಬಾಗಿಲಿನ ಬೀಗವೊಂದೇ. ಬೀಗ ತುಕ್ಕು ಹಿಡಿಯುತ್ತದೆ, ಹೆಂಚು ಜಾರುತ್ತದೆ, ಗೋಡೆಯ ಸಂದಿನಲ್ಲಿ ಅರಳಿಯ ಸಸಿ ಬೇರು ಬಿಡುತ್ತದೆ. ಒಂದು ಮಳೆಗಾಲದಲ್ಲಿ ಮಾಡು ಕುಸಿದ ಮೇಲೆ, ಅಲ್ಲಿ ಏನಿತ್ತು, ಹೇಗಿತ್ತು ಎಂದು ಕೇಳಿದರೆ ಉತ್ತರ ಹೇಳುವವರು ಸಿಕ್ಕುವುದಿಲ್ಲ. ಈ ತಿಂಗಳು ಇಂತಹ ಕಟ್ಟಡಗಳ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತನಾಡಬೇಕೆಂದಿದ್ದೇವೆ. ಅವುಗಳನ್ನು ಉಳಿಸುವುದು ಸರ್ಕಾರದ ಮತ್ತು ಹಣವಂತರ ಕೆಲಸವಿರಬಹುದು. ಆದರೆ ಅವು ಹೇಗಿದ್ದುವೆಂದು ಬರೆದಿಡುವ ಕೆಲಸವು ಮನೆಮನೆಯವರು ಮಾಡಬಲ್ಲದು, ಮತ್ತು ಅದು ಮೊದಲು ಆಗಬೇಕಾದುದು.

ಮಾತು ಗಾಳಿಯಲ್ಲಿ ತೇಲದಿರುವಂತೆ ಒಂದು ಹಾದಿಯನ್ನೇ ಹಿಡಿಯೋಣ. ಬೆಂಗಳೂರಿನ ಉತ್ತರಕ್ಕೆ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಸುಮಾರು ೪೫ ಕಿಲೋಮೀಟರುಗಳ ರೈಲ್ವೆ ಹಾದಿಯಿದೆ. ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್ ಎಂಬ ಸಣ್ಣ ನಿಲ್ದಾಣಗಳು ಅದರ ಮೇಲೆ ಇವೆ. ಈ ಹಾದಿಯು ತೆರೆದುದು ೧೯೧೫ರಲ್ಲಿ. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಅವರ ಹುಟ್ಟೂರಾದ ಮುದ್ದೇನಹಳ್ಳಿಯೂ ಚಿಕ್ಕಬಳ್ಳಾಪುರದ ಮಗ್ಗುಲಲ್ಲಿಯೇ ಇದೆ. ಕಂಪೆನಿಯೊಂದರ ಮೂಲಕ ಜನರ ಬಂಡವಾಳವನ್ನು ಕೂಡಿಸಿ ಇದನ್ನು ಕಟ್ಟಿದರು. ಅದಕ್ಕೆ ಎರಡು ವರ್ಷ ಮುಂಚೆ, ೧೯೧೩ರಲ್ಲಿ, ಆಗ ಬೌರಿಂಗ್‌ಪೇಟೆಯೆಂದು ಕರೆಯುತ್ತಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ ಇಂತಹುದೇ ಹಾದಿ ಬಂದಿತ್ತು. ಕಾಲಕ್ರಮದಲ್ಲಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಇವೆರಡೂ ಒಂದನ್ನೊಂದು ಕೂಡಿಕೊಂಡುವು. ಮಾವಿನ ಸೀಮೆಯೂ ರೇಷ್ಮೆಯ ಸೀಮೆಯೂ ಒಂದೇ ದಾರದಲ್ಲಿ ಪೋಣಿಸಿದಂತಾಯಿತು.

ಈ ಹಳಿಗಳ ನಡುವಣ ಅಗಲ ಎರಡೂವರೆ ಅಡಿ, ಎಂದರೆ ೭೬೨ ಮಿಲಿಮೀಟರು. ಇಂದಿನ ದೊಡ್ಡ ಹಳಿಯ ಅಗಲ ಐದೂವರೆ ಅಡಿ, ಎಂದರೆ ೧೬೭೬ ಮಿಲಿಮೀಟರು. ಹಳಿ ಕಿರಿದಾದರೆ ಏರಿ ಕಿರಿದಾಗುತ್ತದೆ, ಸೇತುವೆ ಹಗುರವಾಗುತ್ತದೆ, ಗುಡ್ಡವನ್ನು ಕಡಿಯದೆ ಸುತ್ತಿಕೊಂಡು ಹೋಗುವುದೂ ಸುಲಭವಾಗುತ್ತದೆ. ಆದುದರಿಂದ ಖರ್ಚು ಕಡಮೆ. ಹೆಚ್ಚಿನ ಹಣವಿಲ್ಲದ ಜಿಲ್ಲೆಗಳು ರೈಲನ್ನು ಕಂಡದ್ದು ಹೀಗೆ. ಹಾದಿಯಂತೆಯೇ ಅದರ ಕಟ್ಟಡಗಳೂ ಮಿತವಾದುವು: ಆ ಸೀಮೆಯ ಕಲ್ಲಿನ ಗೋಡೆ, ಸುಣ್ಣದ ಗಾರೆ, ಇಳಿಜಾರಾದ ಮಂಗಳೂರು ಹೆಂಚಿನ ಮಾಡು, ಒಂದು ಟಿಕೇಟಿನ ಕಿಂಡಿ. ಅರಮನೆಯ ಬೆಡಗು ಇಲ್ಲ. ಆದರೆ ಬಡತನದಲ್ಲಿಯೂ ಅಚ್ಚುಕಟ್ಟಾಗಿ ಸಂಸಾರ ಮಾಡುವ ಗೃಹಿಣಿಯ ಲಕ್ಷಣವು ಅವುಗಳಲ್ಲಿದೆ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಚಿಕ್ಕಬಳ್ಳಾಪುರದವರೆಗಿನ ಹಾದಿ ಅಗಲವಾಯಿತು. ೨೦೧೩ರಲ್ಲಿ ಕೋಲಾರದವರೆಗಿನ ಭಾಗವೂ ದೊಡ್ಡ ಹಳಿಯಾಗಿ ತೆರೆಯಿತು. ಇದು ಆಗಬೇಕಾದ ಕೆಲಸವೇ. ಜನಕ್ಕೂ ಸರಕಿಗೂ ಅನುಕೂಲವಾಯಿತು. ಆದರೆ ಹಳಿ ಅಗಲವಾದಾಗ ಪ್ಲಾಟ್‌ಫಾರಮ್ಮು ಎತ್ತರವಾಗುತ್ತದೆ, ಸಿಗ್ನಲ್ಲಿನ ಕ್ರಮ ಬದಲಾಗುತ್ತದೆ, ಹಳೆಯ ಸ್ಟೇಷನ್ನು ಕೆಲಸವಿಲ್ಲದ ಮುದುಕನಂತೆ ಪಕ್ಕದಲ್ಲಿ ನಿಂತುಕೊಳ್ಳುತ್ತದೆ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ೨೦೨೧ರಲ್ಲಿ ಅದಕ್ಕೆಂದು ಇದೇ ಹಾದಿಯ ಮೇಲೆ ಹೊಸ ಹಾಲ್ಟೊಂದು ಬಂದಿತು. ಆಕಾಶಯಾನದ ನೆರಳಿನಲ್ಲಿಯೇ ನೂರು ವರ್ಷದ ಕಲ್ಲುಗೋಡೆಗಳು ನಿಂತಿವೆ. ಹೀಗೆ ಭೂಮಿಯ ಬೆಲೆ ಏರಿದ ಕಡೆ, ಉಪಯೋಗವಿಲ್ಲದ ಕಟ್ಟಡದ ಆಯುಸ್ಸು ಎಷ್ಟೆಂದು ಬೇರೆ ಹೇಳಬೇಕಾದುದಿಲ್ಲ.

ಸಂತೋಷದ ಸಂಗತಿಯೇನೆಂದರೆ, ೧೯೮೪ರಲ್ಲಿ ಸ್ಥಾಪಿತವಾದ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರು ಈಚೆಗೆ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ಸ್ಟೇಷನ್ನುಗಳ ಜೀರ್ಣೋದ್ಧಾರದಲ್ಲಿ ಆಸಕ್ತಿ ವಹಿಸಿದ್ದಾರೆ. ಶಿವಮೊಗ್ಗ ಜಿಲ್ಲೆಯ ಅರಸಾಳಿನದು ಇನ್ನೊಂದು ಭಾಗ್ಯ. ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗರು ದೂರದರ್ಶನಕ್ಕೆ ತಂದಾಗ ಮಾಲ್ಗುಡಿಯ ಸ್ಟೇಷನ್ನಾಗಿ ಕಾಣಿಸಿಕೊಂಡದ್ದು ಅರಸಾಳಿನ ನಿಲ್ದಾಣ. ಆ ಹೆಸರಿನ ಬಲದಿಂದಲೇ ಹಳೆಯ ಕಟ್ಟಡವು ೨೦೨೦ರಲ್ಲಿ ವಸ್ತುಸಂಗ್ರಹಾಲಯವಾಯಿತು. ಬೆಟ್ಟದ ರೈಲುಗಳಿಗಂತೂ ಲೋಕದ ಮನ್ನಣೆಯೇ ದೊರೆತಿದೆ: ಡಾರ್ಜಿಲಿಂಗಿನದು ೧೯೯೯ರಲ್ಲಿ, ನೀಲಗಿರಿಯದು ೨೦೦೫ರಲ್ಲಿ, ಕಾಲ್ಕಾ–ಶಿಮ್ಲಾದ್ದು ೨೦೦೮ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಇದರಿಂದ ತಿಳಿಯುವುದಿಷ್ಟೆ: ಯಾವ ಕಟ್ಟಡಕ್ಕೆ ಕಥೆಯಿದೆಯೋ ಅದಕ್ಕೆ ಕಾಪಾಡುವವರು ಸಿಕ್ಕುತ್ತಾರೆ. ಬಯಲುಸೀಮೆಯ ನೂರಾರು ಸ್ಟೇಷನ್ನುಗಳಿಗೂ ಗೇಟುಮನೆಗಳಿಗೂ ಕಥೆಯಿಲ್ಲದೆ ಇಲ್ಲ, ಅದನ್ನು ಬರೆದಿಟ್ಟವರಿಲ್ಲ.

ಬರೆದಿಡುವುದು ದುರಸ್ತಿಗಿಂತ ಮೊದಲು ಏಕೆ ಆಗಬೇಕೆಂದರೆ, ದುರಸ್ತಿಯೂ ಒಂದು ಬಗೆಯ ಅಳಿಸುವಿಕೆಯೇ. ಗೋಡೆ ಒಡೆದಿತ್ತೆಂದು ಸುಣ್ಣದ ಗಾರೆಯ ಮೇಲೆ ಸಿಮೆಂಟು ಬಳಿದರೆ ನೋಟಕ್ಕೇನೋ ಗಟ್ಟಿಯಾದಂತಿರುತ್ತದೆ. ಆದರೆ ಸುಣ್ಣದ ಗೋಡೆಯು ನೆಲದಿಂದ ಹೀರಿದ ತೇವವನ್ನು ಹೊರಗೆ ಬಿಡುತ್ತಿರಬೇಕು. ಸಿಮೆಂಟು ಅದನ್ನು ಒಳಗೆ ತಡೆದು ಹಿಡಿಯುತ್ತದೆ. ಕೆಲವು ವರ್ಷಗಳಲ್ಲಿ ಒಳಗಣ ಗಾರೆ ಪುಡಿಯಾಗಿ ಉದುರುತ್ತದೆ. ಹಿಂದೆ ಇದ್ದುದು ಸುಣ್ಣವೋ ಮಣ್ಣೋ, ಕಿಟಕಿಗೆ ಎಷ್ಟು ಅಗಲವಿತ್ತು, ಮಾಡಿನ ಇಳಿಜಾರು ಎಷ್ಟಿತ್ತು ಎಂಬುದನ್ನು ಮೊದಲೇ ಗುರುತಿಸಿಟ್ಟಿದ್ದರೆ ಮೇಸ್ತ್ರಿಯು ಊಹೆಯಿಂದ ಕೆಲಸ ಮಾಡಬೇಕಾಗುವುದಿಲ್ಲ. ಕಟ್ಟಡವು ಬಿದ್ದೇ ಹೋದರೂ ಅದರ ಜ್ಞಾನವಾದರೂ ಉಳಿಯುತ್ತದೆ.

ಈ ಕೆಲಸಕ್ಕೆ ದೊಡ್ಡ ಸಲಕರಣೆಗಳು ಬೇಡ. ಒಂದು ಅಳತೆಯ ಪಟ್ಟಿ, ಚೌಕುಳಿ ಗೆರೆಯ ಪುಸ್ತಕ, ಸೀಸದ ಕಡ್ಡಿ ಮತ್ತು ಇಂದು ಮನೆಮನೆಯಲ್ಲಿಯೂ ಇರುವ ಮೊಬೈಲ್ ಫೋನು ಸಾಕು. ಮೊದಲು ಕಟ್ಟಡದ ನೆಲದ ನಕ್ಷೆಯನ್ನು ಬರೆದು, ಉತ್ತರದಿಕ್ಕನ್ನು ಗುರುತಿಸಿ, ಗೋಡೆಗಳ ಉದ್ದ, ಅಗಲ, ದಪ್ಪಗಳನ್ನು ತುಂಬಬೇಕು. ಕೋಣೆಯು ಸರಿಯಾದ ಚೌಕವೆಂದು ನಂಬದೆ ಮೂಲೆಯಿಂದ ಮೂಲೆಗೂ ಅಳೆಯಬೇಕು. ಎರಡು ಕರ್ಣಗಳೂ ಸಮನಾದರೆ ಮಾತ್ರ ಚೌಕ. ಬಳಿಕ ನಾಲ್ಕು ದಿಕ್ಕಿನಿಂದಲೂ ಒಂದೊಂದು ಚಿತ್ರ ತೆಗೆಯಬೇಕು. ಹಾಗೆ ತೆಗೆಯುವಾಗ ಗೋಡೆಯ ಮಗ್ಗುಲಿಗೆ ಅಡಿಗಳನ್ನು ಗುರುತು ಮಾಡಿದ ಕೋಲೊಂದನ್ನು ನಿಲ್ಲಿಸಿದರೆ, ಮುಂದೆ ನೋಡುವವರಿಗೆ ಅಳತೆಯೂ ತಿಳಿಯುತ್ತದೆ. ಪ್ರತಿಯೊಂದು ಹಾಳೆಯ ಮೇಲೂ ಊರು, ತಾರೀಖು, ಅಳೆದವರ ಹೆಸರು ಇರತಕ್ಕದ್ದು. ತಾರೀಖಿಲ್ಲದ ಚಿತ್ರವು ವಿಳಾಸವಿಲ್ಲದ ಕಾಗದದಂತೆ.

ಕಟ್ಟಡವು ತನ್ನ ವಯಸ್ಸನ್ನು ತಾನೇ ಹೇಳುವುದೂ ಉಂಟು. ಕೆಳಗೆ ಬಿದ್ದ ಮಂಗಳೂರು ಹೆಂಚನ್ನು ತಿರುವಿ ನೋಡಿದರೆ ಮಾಡಿದವರ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಅಂತಹವು ಬಹಳವಾಗಿ ಎದ್ದುವು. ಹೆಸರಿನಿಂದ ಹೆಂಚು ಯಾವ ಕಾರ್ಖಾನೆಯದೆಂದು ತಿಳಿಯಬಹುದು. ರೈಲು ಹಳಿಯ ಪಕ್ಕದಲ್ಲಿಯೂ ತಯಾರಕರ ಹೆಸರು, ವರ್ಷ ಉಬ್ಬಕ್ಷರದಲ್ಲಿರುತ್ತವೆ. ಸವೆದ ಹಳಿಗಳನ್ನು ದೀಪದ ಕಂಬಕ್ಕೂ ಬೇಲಿಗೂ ನಿಲ್ಲಿಸುತ್ತಿದ್ದುದರಿಂದ ಅವು ಇನ್ನೂ ಅಲ್ಲಲ್ಲಿ ಕಾಣಸಿಗುತ್ತವೆ. ಆದರೆ ಇಲ್ಲಿ ಎಚ್ಚರ ಬೇಕು. ಹಳಿಯ ಮೇಲೆ ೧೯೧೩ ಎಂದಿದ್ದರೆ ಆ ಕಂಬವನ್ನು ೧೯೧೩ಕ್ಕಿಂತ ಹಿಂದೆ ನಿಲ್ಲಿಸಿಲ್ಲವೆಂದು ಹೇಳಬಹುದೇ ಹೊರತು ಅದೇ ವರ್ಷ ನಿಲ್ಲಿಸಿದರೆಂದು ಹೇಳಲಾಗದು. ಹೆಂಚನ್ನೂ ನಡುವೆ ಬದಲಾಯಿಸಿರಬಹುದು. ಕಂಡದ್ದನ್ನು ಕಂಡಂತೆ ಒಂದು ಕಡೆಯೂ, ಊಹಿಸಿದ್ದನ್ನು ಇನ್ನೊಂದು ಕಡೆಯೂ ಬರೆಯುವುದೇ ಪ್ರಾಮಾಣಿಕರ ಕ್ರಮ.

ಸ್ಟೇಷನ್ನೊಂದನ್ನೇ ನೋಡಿ ಹಿಂದಿರುಗಬಾರದು. ಮಳೆಯ ನೀರು ಹರಿಯಲು ಕಟ್ಟಿದ ಮೋರಿ, ಗೇಟಿನವನ ಮನೆ, ಗ್ಯಾಂಗ್‌ಮನ್‌ಗಳ ವಸತಿ, ಬಾವಿ, ಎಂಜಿನ್ನಿಗೆ ನೀರು ತುಂಬುತ್ತಿದ್ದ ತೊಟ್ಟಿ, ಮೈಲಿಗಲ್ಲು, ಸಿಗ್ನಲ್ಲಿನ ಕೈಮರ, ಸದ್ದು ಮಾಡಲು ತೂಗಹಾಕಿದ್ದ ಹಳಿಯ ತುಂಡು, ಪ್ರಯಾಣಿಕರಿಗೆ ನೆರಳಾಗಲೆಂದು ನೆಟ್ಟ ಮರ, ಇವೆಲ್ಲವೂ ಸೇರಿದರೇ ಸ್ಟೇಷನ್ನು. ದೊಡ್ಡ ಕಟ್ಟಡವನ್ನು ಉಳಿಸುವ ಉತ್ಸಾಹದಲ್ಲಿ ಈ ಸಣ್ಣವು ಮೊದಲು ಮಾಯವಾಗುತ್ತವೆ. ಕಬ್ಬಿಣವು ಗುಜರಿಗೆ ಹೋಗುತ್ತದೆ; ಕೆತ್ತಿದ ಕಲ್ಲು ಯಾರದೋ ಮನೆಯ ಪಾಯಕ್ಕೆ ಸೇರುತ್ತದೆ.

ಇನ್ನು ಅಳತೆಯ ಪಟ್ಟಿಗೆ ಸಿಕ್ಕದ ವಿಷಯಗಳಿವೆ. ಅವು ಇರುವುದು ಮನೆಗಳಲ್ಲಿ. ಹಳೆಯ ಪೆಟ್ಟಿಗೆಯ ತಳದಲ್ಲಿ ತಾತನ ಕಾಲದ ಪಾಸು, ರಟ್ಟಿನ ಟಿಕೇಟು, ಸಮವಸ್ತ್ರದ ಗುಂಡಿ, ಮದುವೆಯ ದಿಬ್ಬಣವು ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ತೆಗೆಸಿಕೊಂಡ ಪಟ ಇವುಗಳಿರಬಹುದು. ರೈಲ್ವೆಯಲ್ಲಿ ದುಡಿದ ಹಿರಿಯರು ಕಿರುಹಳಿಯ ಗಾಡಿ ಯಾವ ಏರಿನಲ್ಲಿ ಏದುತ್ತಿತ್ತೆಂದು ಬಲ್ಲರು. ಅವರಷ್ಟೇ ಬಲ್ಲವರು ಅವರ ಮನೆಯ ಹೆಂಗಸರು. ಊರಿಂದ ದೂರದ ಗೇಟುಮನೆಯಲ್ಲಿ ಸಂಸಾರ ನಡೆಸಿದವರಿಗೆ ಒಲೆ ಎಲ್ಲಿತ್ತು, ನೀರು ಎಲ್ಲಿಂದ ಬರುತ್ತಿತ್ತು, ರಾತ್ರಿಯ ಗಾಡಿ ಬರುವ ಹೊತ್ತಿಗೆ ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂಬುದೆಲ್ಲ ಗೊತ್ತು. ಕಚೇರಿಯ ಕಡತಗಳಲ್ಲಿ ಇದು ಸಿಕ್ಕುವುದಿಲ್ಲ. ಎರಡೂವರೆ ಅಡಿಯ ಹಳಿಯ ಮೇಲೆ ದುಡಿದವರು ಒಬ್ಬೊಬ್ಬರಾಗಿ ವೃದ್ಧರಾಗುತ್ತಿದ್ದಾರೆ. ಗೋಡೆಯು ಇನ್ನೂ ಹತ್ತು ಮಳೆಗಾಲ ತಡೆದೀತು. ಅವರ ನೆನಪು ತಡೆಯುವುದೆಂದು ಹೇಳಲಾಗದು. ಆದುದರಿಂದ ಮೊದಲು ಹೋಗಬೇಕಾದುದು ಅವರ ಬಳಿಗೆ.

ಹೋದಾಗ ‘ಹಿಂದಿನ ಕಾಲ ಹೇಗಿತ್ತು ಅಜ್ಜಿ?’ ಎಂದು ಕೇಳಿದರೆ ‘ಚೆನ್ನಾಗಿತ್ತಪ್ಪಾ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಗಾಡಿ ಬರುವುದನ್ನು ನಿಮಗೆ ಯಾರು ತಿಳಿಸುತ್ತಿದ್ದರು? ಸಂತೆಯ ದಿನ ಯಾವ ಸರಕು ಏರುತ್ತಿತ್ತು? ಈ ಬಾಗಿಲು ಮೊದಲಿಂದಲೂ ಇಲ್ಲಿಯೇ ಇತ್ತೆ?’ ಎಂದು ಬಿಡಿಬಿಡಿಯಾಗಿ ಕೇಳಬೇಕು. ಹಳೆಯ ಪಟವೊಂದನ್ನು ಕೈಗಿತ್ತರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅವರ ಒಪ್ಪಿಗೆ ಪಡೆದೇ ಧ್ವನಿಯನ್ನು ಮುದ್ರಿಸಿಕೊಳ್ಳತಕ್ಕದ್ದು. ಪಟಗಳ ಪ್ರತಿಯನ್ನು ತೆಗೆದುಕೊಂಡು ಮೂಲವನ್ನು ಅವರಿಗೇ ಮರಳಿಸತಕ್ಕದ್ದು.

ಒಂದು ಎಚ್ಚರಿಕೆ. ರೈಲ್ವೆಯ ನೆಲವು ಬಯಲಲ್ಲ. ಅಪ್ಪಣೆಯಿಲ್ಲದೆ ಹಳಿಯ ಮೇಲೆ ನಡೆಯುವುದು ೧೯೮೯ರ ರೈಲ್ವೆ ಕಾಯಿದೆಯಂತೆ ಅಪರಾಧ, ಪ್ರಾಣಕ್ಕೂ ಅಪಾಯ. ಸ್ಟೇಷನ್ ಮಾಸ್ತರರನ್ನು ಕಂಡು, ಅವರು ಸೂಚಿಸುವ ಮೇಲಧಿಕಾರಿಗಳಿಂದ ಲಿಖಿತ ಅನುಮತಿ ಪಡೆದೇ ಕೆಲಸಕ್ಕೆ ತೊಡಗಬೇಕು. ಶಿಥಿಲವಾದ ಮಾಡಿನ ಕೆಳಗೆ ಮಕ್ಕಳನ್ನು ಬಿಡಬಾರದು. ಹೆಂಚನ್ನಾಗಲಿ ಹಳೆಯ ಫಲಕವನ್ನಾಗಲಿ ನೆನಪಿಗೆಂದು ಮನೆಗೆ ತರುವುದಂತೂ ಸಲ್ಲದು. ದಾಖಲೆ ಮಾಡಹೊರಟವರೇ ದಾಖಲೆಯನ್ನು ಕದ್ದಂತಾದೀತು.

‘ಇಷ್ಟೆಲ್ಲ ಶ್ರಮ ಪಟ್ಟರೆ ಹೊಟ್ಟೆ ತುಂಬುತ್ತದೆಯೇ?’ ಎಂದು ಕೇಳುವವರಿದ್ದಾರೆ. ತುಂಬುವುದಿಲ್ಲ. ಆದರೆ ನಮ್ಮ ಹಿರಿಯರು ಕೂಡಿಸಿದ ಬಂಡವಾಳ, ನಮ್ಮ ಕಲ್ಲುಕುಟಿಗರ ಕೈ, ನಮ್ಮ ಊರಿನವರ ದುಡಿಮೆ ಸೇರಿ ಆದ ಹಾದಿಯಿದು. ಅದರ ಲೆಕ್ಕವನ್ನು ಮಕ್ಕಳಿಗೆ ಒಪ್ಪಿಸದೆ ಹೋದರೆ, ಜಮೀನು ಬಿಟ್ಟು ಹೋಗಿ ಅದರ ಪತ್ರವನ್ನು ಸುಟ್ಟಂತೆ. ದಾಖಲೆಯು ಉಪಯೋಗಕ್ಕೂ ಬರುತ್ತದೆ: ಕಟ್ಟಡವನ್ನು ಗ್ರಂಥಾಲಯವನ್ನಾಗಿಯೋ ಶಿಶುವಿಹಾರವನ್ನಾಗಿಯೋ ಮಾಡಿಕೊಡಿರೆಂದು ಊರಿನವರು ಅರ್ಜಿ ಹಾಕುವಾಗ, ಬರಿಯ ಬಾಯಿಮಾತಿಗಿಂತ ಅಳತೆ, ಚಿತ್ರ, ಚರಿತ್ರೆಗಳುಳ್ಳ ಹತ್ತು ಹಾಳೆಗಳಿಗೆ ಬೆಲೆ ಹೆಚ್ಚು.

ಸಿದ್ಧವಾದ ಹಾಳೆಗಳಿಗೆ ಮೂರು ಪ್ರತಿಗಳಿರಲಿ. ಒಂದು ಊರಿನ ಶಾಲೆಯಲ್ಲಿ, ಒಂದು ತಾಲ್ಲೂಕಿನ ಗ್ರಂಥಾಲಯದಲ್ಲಿ, ಒಂದು ಮನೆಯಲ್ಲಿ. ಫೋನಿನಲ್ಲಿರುವುದೇ ಸಾಕೆಂದು ಸುಮ್ಮನಿರಬೇಡಿ; ಫೋನು ಕೆಟ್ಟ ದಿನ ಕಾಗದವೇ ಗತಿ. ಬೇಸಗೆಯ ರಜೆಗೆ ಮಕ್ಕಳು ಅಜ್ಜಿಯ ಊರಿಗೆ ಹೋಗುವರಷ್ಟೆ. ಆ ಊರಿನ ಬದಿಯಲ್ಲಿ ಹಳಿಯಿದ್ದರೆ ಅವರ ಚೀಲದಲ್ಲಿ ಅಳತೆಯ ಪಟ್ಟಿಯೊಂದನ್ನು ಇಟ್ಟು ಕಳುಹಿಸಿರಿ. ಮುಂಗಾರು ಹಿಡಿಯುವುದಕ್ಕೆ ಮೊದಲು ಒಂದು ಸ್ಟೇಷನ್ನಾದರೂ ಪುಸ್ತಕಕ್ಕೆ ಏರಲಿ.