ಜಾತ್ರೆಗೆ ಕಾಸುಂಟು, ಮೇಷ್ಟ್ರಿಗಿಲ್ಲ

ಲಂಡನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಒಂದು ದೀರ್ಘ ಪತ್ರ ಬರೆದಿದ್ದ. ಅವನ ವಾದದ ಸಾರ ಇಷ್ಟು: ವಲಸೆ ಬಂದವರು ತಮ್ಮ ಹಾಡು-ಕುಣಿತಗಳನ್ನು ತಮ್ಮ ಖರ್ಚಿನಲ್ಲೇ ನಡೆಸಿಕೊಳ್ಳಬೇಕು, ನಾವು ಕನ್ನಡಿಗರು ಯುಗಾದಿ, ದೀಪಾವಳಿಗಳನ್ನು ಟಿಕೆಟ್ಟಿಟ್ಟು ಆಚರಿಸುವುದಿಲ್ಲವೇ? ಪೂರ್ವ ಲಂಡನ್ನಿನ ಬಂಗಾಳಿಗಳ ಕಲೆಗೆ ಮಾತ್ರ ನನ್ನ ತೆರಿಗೆಯ ಹಣವೇಕೆ? ಬುದ್ಧಿವಂತ ಹುಡುಗ (ಹುಡುಗನೆಂದರೆ, ಈಗ ಐವತ್ತು ದಾಟಿರಬೇಕು). ಅವನಿಗೊಬ್ಬನಿಗೇ ಉತ್ತರ ಬರೆದು ಸುಮ್ಮನಾಗಬಹುದಿತ್ತು. ಆದರೆ ಇದೇ ಮಾತನ್ನು ನಮ್ಮ ಬಂಧುಗಳ ಬಾಯಲ್ಲೂ ಕೇಳಿದ್ದೇನೆ. ಆದ್ದರಿಂದ ಎಲ್ಲರಿಗೂ ಕೇಳುವಂತೆ ಉತ್ತರಿಸುವುದೇ ಲೇಸು.

ಮೊದಲು ಊರಿನ ವಿಷಯ. ಅವನು ಹೇಳುತ್ತಿರುವುದು ಟವರ್ ಹ್ಯಾಮ್ಲೆಟ್ಸ್ ಎಂಬ ಪ್ರದೇಶದ ಬಗ್ಗೆ. ಬ್ರಿಕ್ ಲೇನ್ ಬೀದಿ ಇರುವುದು ಅಲ್ಲಿಯೇ. ಮಗಳ ಮನೆಯಲ್ಲಿದ್ದ ದಿನಗಳಲ್ಲಿ ಆ ಬೀದಿಯಲ್ಲಿ ಸಾಕಷ್ಟು ಅಡ್ಡಾಡಿದ್ದೇನೆ. ಅಲ್ಲಿನ ಒಂದು ಮೂಲೆಯ ಕಟ್ಟಡ 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಹ್ಯೂಗನಾಟ್ ನೇಕಾರರ ಪ್ರಾರ್ಥನಾಮಂದಿರವಾಗಿ ಎದ್ದಿತು, ಮುಂದೆ ಮೆಥಡಿಸ್ಟರದಾಯಿತು, 1898ರಲ್ಲಿ ಯಹೂದಿಗಳ ಸಿನಗಾಗ್ ಆಯಿತು, 1976ರಿಂದ ಮಸೀದಿಯಾಗಿದೆ. ಗೋಡೆಗಳು ಅವೇ, ಒಳಗಿನ ದೇವಭಾಷೆ ಮಾತ್ರ ಬದಲಾಗುತ್ತ ಬಂದಿದೆ. 2021ರ ಜನಗಣತಿಯಂತೆ ಟವರ್ ಹ್ಯಾಮ್ಲೆಟ್ಸ್‌ನ ಜನರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶ ಮೂಲದವರು, ಅವರಲ್ಲಿ ಬಹುಪಾಲು ಸಿಲ್ಹೆಟ್ ಕಡೆಯವರು.

ಈಗ ತೆರಿಗೆಯ ಪ್ರಶ್ನೆ. ಕೋವೆಂಟ್ ಗಾರ್ಡನ್‌ನ ರಾಯಲ್ ಆಪೆರಾ ಹೌಸಿಗೆ ಇಂಗ್ಲೆಂಡಿನ ಆರ್ಟ್ಸ್ ಕೌನ್ಸಿಲ್, 2023ರಲ್ಲಿ ಆರಂಭವಾದ ಹಂಚಿಕೆಯಲ್ಲಿ, ವರ್ಷಕ್ಕೆ ಎರಡು ಕೋಟಿ ಇಪ್ಪತ್ತು ಲಕ್ಷ ಪೌಂಡಿಗೂ ಮಿಕ್ಕಿದ ಹಣ ನಿಗದಿ ಮಾಡಿತು. ಅದೂ ಹಿಂದಿಗಿಂತ ಕಡಿತ ಮಾಡಿದ ಮೇಲೆ! ಆ ಹಣದಲ್ಲಿ ಬ್ರಿಕ್ ಲೇನಿನ ದರ್ಜಿಯ ತೆರಿಗೆಯೂ ಸೇರಿದೆ, ಅವನು ಕೊಂಡ ಲಾಟರಿ ಚೀಟಿಯ ಕಾಸೂ ಸೇರಿದೆ. ಆಪೆರಾ ನೋಡುವವರು ತಮ್ಮ ಖರ್ಚಿನಲ್ಲೇ ನೋಡಿಕೊಳ್ಳಲಿ ಎಂದು ನನ್ನ ಶಿಷ್ಯ ಪತ್ರ ಬರೆದದ್ದಿಲ್ಲ. ಒಬ್ಬರ ಕಲೆಯನ್ನು 'ರಾಷ್ಟ್ರದ ಸಂಪತ್ತು' ಎಂದೂ ಇನ್ನೊಬ್ಬರದನ್ನು 'ಅವರ ಮನೆಯ ಹಬ್ಬ' ಎಂದೂ ಕರೆಯುವ ಲೆಕ್ಕಾಚಾರ ನನಗೆ ಒಪ್ಪಿಗೆಯಿಲ್ಲ. ಇನ್ನು ಕನ್ನಡಿಗರ ಟಿಕೆಟ್ಟಿನ ಮಾತು: ಬ್ರಿಟನ್ನಿಗೆ ಹೋದ ನಮ್ಮವರಲ್ಲಿ ಎಷ್ಟು ಮಂದಿ ವೈದ್ಯರು, ಎಷ್ಟು ಮಂದಿ ಇಂಜಿನಿಯರುಗಳು ಎಂಬುದನ್ನು ಅವನೇ ಎಣಿಸಿಕೊಳ್ಳಲಿ. ಹಡಗಿನ ಇಂಜಿನ್ ಕೋಣೆಯಲ್ಲಿ ಇದ್ದಿಲು ಸುರಿಯುತ್ತ ಬಂದವರ, ಹೊಲಿಗೆಯಂತ್ರದ ಮುಂದೆ ಬೆನ್ನು ಬಾಗಿಸಿದವರ ಮೊಮ್ಮಕ್ಕಳನ್ನು ಅದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ಇಲ್ಲಿಗೆ ನಾನು ಹಣ ಕೊಡುವವರ ಪಕ್ಷಪಾತಿಯೆಂದು ತಿಳಿಯಬೇಡಿ. ನನ್ನ ನಿಜವಾದ ಜಗಳವಿರುವುದು ಅವರೊಂದಿಗೇ.

1976ರಲ್ಲಿ ನಸೀಮ್ ಖಾನ್ ಎಂಬ ಬರಹಗಾರ್ತಿ ಒಂದು ವರದಿ ಬರೆದರು. 'ಬ್ರಿಟನ್ ಕಡೆಗಣಿಸಿರುವ ಕಲೆಗಳು' ಎಂಬುದು ಅದರ ಹೆಸರಿನ ಅರ್ಥ. ವಲಸಿಗರ ಬೀದಿಗಳಲ್ಲಿ ನಾಟಕ, ನೃತ್ಯ, ಸಂಗೀತ ಎಲ್ಲವೂ ಇದೆ, ನಿಮ್ಮ ಕಣ್ಣಿಗೆ ಬಿದ್ದಿಲ್ಲವಷ್ಟೇ ಎಂದು ಆಕೆ ಹೇಳಿದರು. ಒಳ್ಳೆಯ ಕೆಲಸ. ಆದರೆ ಆಳುವವರ ಕಣ್ಣು ತೆರೆಸಿದ್ದು ವರದಿಗಿಂತ ಹೆಚ್ಚಾಗಿ ರಕ್ತ. ಅದೇ 1976ರಲ್ಲಿ ಸೌಥಾಲ್‌ನಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ ತರುಣನ ಕೊಲೆಯಾಯಿತು. ಆ ನೋವಿನಿಂದಲೇ ಜತಿಂದರ್ ವರ್ಮಾ ಮತ್ತು ಸಂಗಾತಿಗಳು ತಾರಾ ಆರ್ಟ್ಸ್ ನಾಟಕತಂಡ ಕಟ್ಟಿ, ರವೀಂದ್ರರ ನಾಟಕವೊಂದರಿಂದ ಆರಂಭಿಸಿದರು. 1978ರ ಮೇ 4ರಂದು ಬ್ರಿಕ್ ಲೇನಿನ ಸಮೀಪ ಅಲ್ತಾಬ್ ಅಲಿ ಎಂಬ ಜವಳಿ ಕಾರ್ಮಿಕನನ್ನು ಕೊಂದರು. 1981ರಲ್ಲಿ ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ಆಮೇಲೆ ನೋಡಿ, 'ಜನಾಂಗೀಯ ಕಲೆ'ಗಳ ಮೇಲೆ ಎಲ್ಲರಿಗೂ ಪ್ರೀತಿ ಉಕ್ಕಿತು! ಗ್ರೇಟರ್ ಲಂಡನ್ ಕೌನ್ಸಿಲ್ ತನ್ನ ಕಡೆಯ ವರ್ಷಗಳಲ್ಲಿ ಧಾರಾಳವಾಗಿಯೇ ಕೊಟ್ಟಿತು. 1986ರ ಮಾರ್ಚ್ ಕೊನೆಗೆ ಅದನ್ನೇ ರದ್ದುಗೊಳಿಸಲಾಯಿತು. ಅದೇ ವರ್ಷ ಆರ್ಟ್ಸ್ ಕೌನ್ಸಿಲ್, ಎರಡು ವರ್ಷಗಳೊಳಗೆ ವೆಚ್ಚದ ಶೇಕಡಾ 4ರಷ್ಟು ಆಫ್ರಿಕನ್-ಕೆರಿಬಿಯನ್ ಮತ್ತು ಏಷ್ಯನ್ ಕಲೆಗಳಿಗೆ ಸಲ್ಲಬೇಕೆಂದು ಗುರಿಯಿಟ್ಟುಕೊಂಡಿತು. ಜನಸಂಖ್ಯೆ ಶೇಕಡಾ 4, ಆದ್ದರಿಂದ ಕಲೆಯೂ ಶೇಕಡಾ 4. ರೇಷನ್ ಅಂಗಡಿಯ ಸೀಮೆಎಣ್ಣೆಯಂತೆ! ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಕಲಾವಿದ ರಶೀದ್ ಅರಾಯೀನ್ ಈ 'ಜನಾಂಗೀಯ ಕಲೆ' ಎಂಬ ಹಣೆಪಟ್ಟಿಯನ್ನೇ ದಶಕಗಳ ಕಾಲ ವಿರೋಧಿಸಿದರು. ನಾನು ಕಲಾವಿದ, ನನ್ನನ್ನು ಕಲಾವಿದನೆಂದೇ ನೋಡಿ ಎಂಬ ಅವರ ಹಟದ ಹಿಂದಿನ ಅವಮಾನವನ್ನು ಅರಿಯುವುದು ಕಷ್ಟವೇನಲ್ಲ.

ಗಲಭೆ ಆಗದಿರಲೆಂದು ಕೊಡುವ ಹಣಕ್ಕೆ ಒಂದು ಗುಣವಿದೆ: ಅದು ಕಣ್ಣಿಗೆ ಕಾಣುವುದನ್ನೇ ಬಯಸುತ್ತದೆ. ಮೆರವಣಿಗೆ ಕಾಣುತ್ತದೆ, ಕಮಾನು ಕಾಣುತ್ತದೆ, ಬಣ್ಣದ ದೀಪಸ್ತಂಭ ಕಾಣುತ್ತದೆ. ಒಂದು ಕೊಠಡಿಯಲ್ಲಿ ಹನ್ನೆರಡು ಮಕ್ಕಳ ಮುಂದೆ ತಬಲಾ ಇಟ್ಟುಕೊಂಡು ಕುಳಿತ ಗುರು ಕಾಣುವುದಿಲ್ಲ. 1997ರಲ್ಲಿ ಬ್ರಿಕ್ ಲೇನಿನ ಬಾಯಲ್ಲಿ ಅಲಂಕೃತ ಕಮಾನು ನಿಂತಿತು. ಬೀದಿಗೆ 'ಬಾಂಗ್ಲಾಟೌನ್' ಎಂಬ ಹೆಸರೂ ಬಂತು. ಅದೇ ದಶಕದ ಕೊನೆಗೆ ಬೈಶಾಖಿ ಮೇಳ ಆರಂಭವಾಗಿ, ಬಾಂಗ್ಲಾದೇಶದ ಹೊರಗೆ ಬಂಗಾಳಿಗಳ ಅತಿ ದೊಡ್ಡ ಜಾತ್ರೆಗಳಲ್ಲೊಂದೆಂದು ಹೆಸರಾಯಿತು. (ಬಂಗಾಳಿ ಹೊಸವರ್ಷ ಏಪ್ರಿಲ್ ಮಧ್ಯದಲ್ಲಿ, ಜಾತ್ರೆ ಮಾತ್ರ ಬಿಸಿಲು ಬರಲೆಂದು ಮೇ ತಿಂಗಳಿಗೋ ಅದರಾಚೆಗೋ. ಲಂಡನ್ನಿನ ಹವೆಗೆ ಪಂಚಾಂಗವೂ ಮಣಿಯಬೇಕು!) ಇವೆಲ್ಲ ಬೇಡವೆನ್ನುವಷ್ಟು ಒಣಗಿದವನಲ್ಲ ನಾನು. ಆದರೆ ರನ್ನಿಮೀಡ್ ಟ್ರಸ್ಟಿನ 2020ರ ಅಧ್ಯಯನ ಏನು ಹೇಳಿತು ನೋಡಿ: 2000ದ ದಶಕದ ನಡುವೆ ಆ ಬೀದಿಯಲ್ಲಿದ್ದ ಸುಮಾರು 60 ಬಂಗಾಳಿ ಹೋಟೆಲುಗಳು 23ಕ್ಕೆ ಇಳಿದಿದ್ದವು. ಬಾಡಿಗೆ ಏರಿತು, ಜನ ದೂರ ಸರಿದರು, ಕಮಾನು ಉಳಿಯಿತು. ನಮ್ಮಲ್ಲಿ 'ನವೆಂಬರ್ ಕನ್ನಡಿಗ' ಎಂಬ ಮಾತಿದೆಯಲ್ಲ, ಅಲ್ಲಿನ ಅನುದಾನದ ನೀತಿಯೂ ಅದೇ ಜಾತಿಗೆ ಸೇರಿದ್ದು. ಹನ್ನೊಂದು ತಿಂಗಳು ಮರೆತು, ಒಂದು ತಿಂಗಳು ಬಾವುಟ ಕಟ್ಟುವುದು.

ಹಾಗಾದರೆ ಯಾವ ಹಣ ಫಲ ಕೊಟ್ಟಿದೆ? ಉತ್ತರ ಆ ಬೀದಿಯ ನೆರೆಯಲ್ಲೇ ಇದೆ. ಬಂಗಾಳಿಗಳಿಗೆ ಮೊದಲು ಅಲ್ಲಿದ್ದವರು ಪೂರ್ವ ಯೂರೋಪಿನಿಂದ ಬಂದ ಬಡ ಯಹೂದಿಗಳು. 1892ರಲ್ಲಿ ತೆರೆದ ವೈಟ್‌ಚಾಪಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಆ ಮಕ್ಕಳು ಕೊಟ್ಟಿದ್ದ ಹೆಸರು 'ಕೇರಿಯ ವಿಶ್ವವಿದ್ಯಾಲಯ'. ಮನೆಯಲ್ಲಿ ಓದಲು ಜಾಗವಿಲ್ಲದವರು ಅಲ್ಲಿ ಬೆಚ್ಚಗೆ ಕುಳಿತು ಓದಿದರು. ಪಕ್ಕದಲ್ಲೇ 1901ರಲ್ಲಿ ವೈಟ್‌ಚಾಪಲ್ ಗ್ಯಾಲರಿ ತೆರೆಯಿತು. ಯಹೂದಿ ಶಿಕ್ಷಣ ಸಹಾಯ ಸಂಘವೊಂದಿತ್ತು. ಅದು ಉತ್ಸವ ಮಾಡಲಿಲ್ಲ, ಕಮಾನು ಕಟ್ಟಲಿಲ್ಲ. ಚಿತ್ರ ಬರೆಯುವ ಹುಡುಗರನ್ನು ಗುರುತಿಸಿ, ಸ್ಲೇಡ್ ಕಲಾಶಾಲೆಯಲ್ಲಿ ಓದಲು ನೆರವಾಯಿತು. ಹಾಗೆ 1908ರಲ್ಲಿ ಹೋದವನು ಮಾರ್ಕ್ ಗರ್ಟ್ಲರ್, 1911ರಲ್ಲಿ ಹೋದವನು ಡೇವಿಡ್ ಬಾಂಬರ್ಗ್. ಬಾಂಬರ್ಗನ ಕಥೆಯನ್ನಂತೂ ಅನುದಾನ ಕೊಡುವ ಪ್ರತಿ ಅಧಿಕಾರಿಯ ಮೇಜಿನ ಮೇಲೆ ಅಂಟಿಸಬೇಕು. ಅವನ ಚಿತ್ರಗಳ ಉಗ್ರ ಹೊಸತನ ಗುರುಗಳಿಗೆ ಹಿಡಿಸಲಿಲ್ಲ. 1913ರಲ್ಲಿ ಅವನನ್ನು ಶಾಲೆಯಿಂದ ಹೊರಹಾಕಿದರು. ಮರುವರ್ಷವೇ ಅವನು 'ದಿ ಮಡ್ ಬಾತ್' ಎಂಬ ಚಿತ್ರ ಬರೆದ. ಬ್ರಿಕ್ ಲೇನಿನ ಹಬೆಸ್ನಾನದ ಮನೆಯೇ ಅದಕ್ಕೆ ಪ್ರೇರಣೆ. ಇಂದು ಅದು ಟೇಟ್ ಸಂಗ್ರಹದಲ್ಲಿದೆ, ಬ್ರಿಟನ್ನಿನ ಆಧುನಿಕ ಚಿತ್ರಕಲೆಯ ಹೆಮ್ಮೆಗಳಲ್ಲೊಂದು. 1913ರ ಕೊನೆಗೆ ಆ ಸಂಘ ಇಂದಿನ ಮಾದರಿಯ 'ಫಲಿತಾಂಶ ವರದಿ' ಬರೆಯಬೇಕಾಗಿದ್ದರೆ ಏನೆಂದು ಬರೆಯುತ್ತಿತ್ತು? ಫಲಾನುಭವಿ: ಒಬ್ಬ. ಫಲಿತಾಂಶ: ಶಾಲೆಯಿಂದ ಉಚ್ಚಾಟನೆ!

ಆ ಗ್ರಂಥಾಲಯ 2005ರಲ್ಲಿ ಮುಚ್ಚಿತು. ಕಟ್ಟಡ ಗ್ಯಾಲರಿಯ ವಿಸ್ತರಣೆಯ ಪಾಲಾಯಿತು. ಹೊಸ ಹೆಸರಿನ ಗ್ರಂಥಾಲಯವೊಂದು ರಸ್ತೆಯಾಚೆ ಬಂದಿದೆ, ನಿಜ. ಆದರೂ ನನಗೆ ಸಂಕಟವಾಯಿತು.

ಇನ್ನು ನಮ್ಮವರ ಕಡೆಗೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಬರಿಯ ನಮ್ಮೂರಿನ ಗಾದೆಯಲ್ಲ. ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಅನುದಾನ ಹಂಚಿಕೆಯ ಬಗ್ಗೆ ದೂರುಗಳೆದ್ದು, 2014ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆ ಅಧಿಕಾರವನ್ನು ತನ್ನ ಆಯುಕ್ತರಿಗೆ ವಹಿಸಿತು. 2015ರ ಏಪ್ರಿಲಿನಲ್ಲಿ ಚುನಾವಣಾ ನ್ಯಾಯಾಲಯ ಹಿಂದಿನ ವರ್ಷದ ಮೇಯರ್ ಚುನಾವಣೆಯನ್ನೇ ಅಸಿಂಧುವೆಂದಿತು. ಅದು ಎತ್ತಿಹಿಡಿದ ಆರೋಪಗಳಲ್ಲಿ ಅನುದಾನವನ್ನು ಮತದ ಆಮಿಷವಾಗಿ ಬಳಸಿದ್ದೂ ಒಂದು. ಅದೇ ಮೇಯರನ್ನು 2022ರಲ್ಲಿ ಜನ ಮತ್ತೆ ಆರಿಸಿದರು. ಅದು ಅವರ ಹಕ್ಕು, ನಾನು ತೀರ್ಪು ಕೊಡುವವನಲ್ಲ. ಆದರೆ ಸಂಘದ ಅಧ್ಯಕ್ಷರ ಮೂಲಕ, ಮುಖಂಡರ ಮೂಲಕ, ಹಾರ-ತುರಾಯಿಗಳ ಮೂಲಕ ಹಣ ಇಳಿದುಬಂದರೆ ಕಲಾವಿದನ ಕೈಗೆ ತಲುಪುವ ಹೊತ್ತಿಗೆ ಅದಕ್ಕೊಂದು ಋಣ ಅಂಟಿಕೊಂಡಿರುತ್ತದೆ. ನಮ್ಮ ಕರ್ನಾಟಕದಲ್ಲಿ ಸಂಘಸಂಸ್ಥೆಗಳಿಗೆ ಸರ್ಕಾರಿ ಧನಸಹಾಯ ಕೊಡುವ ಪದ್ಧತಿಯನ್ನು ಹತ್ತಿರದಿಂದ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ಹಣವನ್ನೇ ನಿಲ್ಲಿಸಿರೆಂಬ ನನ್ನ ಶಿಷ್ಯನ ಪರಿಹಾರ, ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಪರಿಹಾರ. ಆಪೆರಾ ಹೌಸಿನ ಲೆಕ್ಕದಲ್ಲಿ ದೋಷ ಕಂಡರೆ ಲೆಕ್ಕಿಗನನ್ನು ಬದಲಿಸುತ್ತಾರೆಯೇ ಹೊರತು ಆಪೆರಾವನ್ನೇ ನಿಷೇಧಿಸುವುದಿಲ್ಲ.

ನನ್ನ ಬೇಡಿಕೆ ಸಣ್ಣದು, ಆದ್ದರಿಂದಲೇ ಯಾರಿಗೂ ರುಚಿಸಲಾರದು. ಜಾತ್ರೆಗೆ ಕೊಡುವುದರಲ್ಲಿ ಅರ್ಧವನ್ನು ಕಲಿಸುವವರಿಗೆ ಕೊಡಿ. ಬಂಗಾಳಿ ಹಾಡು ಕಲಿಸುವ ಗೃಹಿಣಿಗೆ, ಸೊಮಾಲಿ ಪದ್ಯ ಹೇಳಿಕೊಡುವ ಅಜ್ಜನಿಗೆ, ಶಾಲೆ ಬಿಟ್ಟ ಹುಡುಗರಿಂದ ನಾಟಕ ಆಡಿಸುವ ತರುಣನಿಗೆ ಮೂರು ವರ್ಷದ ಸಂಬಳ. ಒಂದು ವರ್ಷಕ್ಕಲ್ಲ, ಮೂರಕ್ಕೆ. ಒಂದು ರಾಗ ಕಲಿಯುವುದಕ್ಕೇ ಒಂದು ವರ್ಷ ಬೇಕು. ಸಂಜೆ ಐದರ ಮೇಲೆ ಖಾಲಿ ಬೀಳುವ ಶಾಲೆಗಳ ಬೀಗದ ಕೈ ಅವರಿಗೆ ಸಿಗಲಿ, ಬಾಡಿಗೆಯಿಲ್ಲದೆ. ಅರ್ಜಿ ಎರಡೇ ಪುಟದ್ದಿರಲಿ, ಅವರು ಬಲ್ಲ ಭಾಷೆಯಲ್ಲಿರಲಿ. ಈಗಿನ ಅರ್ಜಿಗಳನ್ನು ತುಂಬಲು ಬರುವುದು ಅರ್ಜಿ ತುಂಬುವುದನ್ನೇ ಕಸುಬು ಮಾಡಿಕೊಂಡವರಿಗೆ. ಮತ್ತು ಆ ತರಗತಿಗೆ ಬರುವ ಮಗು ಬಂಗಾಳಿಯೇ ಆಗಿರಬೇಕೆಂಬ ನಿಯಮ ಬೇಡ. ನನ್ನ ಮೊಮ್ಮಗಳು ಅಲ್ಲಿ ಎಸ್ರಾಜ್ ಕಲಿಯಲು ಹೋಗಲಿ, ಬೇಡವೆಂದವರಾರು?

ಎಷ್ಟು ಕಾಲ ಕೊಡಬೇಕು ಎಂದು ಅವನು ಪತ್ರದ ಕೊನೆಗೆ ಕೇಳಿದ್ದಾನೆ. ಆಪೆರಾ ಹೌಸಿಗೆ ಕೊಡುತ್ತಿರುವಷ್ಟು ಕಾಲ.