ಗೋಡೆ ಎದ್ದಿತು, ಒಳಗಿನ ಬಣ್ಣಕ್ಕೆ ಹಣವೆಲ್ಲಿ?

ಕಾಸರಗೋಡು: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಮಾತು ಗಡಿನಾಡಿನಲ್ಲಿ ಇಂದಿಗೂ ಹಳೆಯದಾಗಿಲ್ಲ. ಮುರಕಲ್ಲಿನ ಗೋಡೆ ಎದ್ದು, ಮಾಡು ಬಿದ್ದು, ಸಾರಣೆ ಮುಗಿಯುವಷ್ಟರಲ್ಲಿ ಸರಕಾರದ ನೆರವೂ ಕೈಯಲ್ಲಿದ್ದ ಕಾಸೂ ಕರಗಿರುತ್ತದೆ. ಉಳಿಯುವುದು ಒಳಗೋಡೆಗೆ ಬಣ್ಣ ಬಳಿಯುವ ಕೆಲಸ. ಸಾಮಾನ್ಯ ಕುಟುಂಬ ಹೊಸ ಸಾಲಕ್ಕೆ ಕೈಚಾಚುವುದು ಈ ಹಂತದಲ್ಲೇ.

ಕೇರಳ ಸರಕಾರ 2016-17ರಲ್ಲಿ ಆರಂಭಿಸಿದ ಲೈಫ್ ಮಿಷನ್ ಯೋಜನೆಯಲ್ಲಿ ಸಾಮಾನ್ಯ ಫಲಾನುಭವಿಯ ಮನೆಗೆ 4 ಲಕ್ಷ ರೂ. ನಿಗದಿಪಡಿಸಲಾಯಿತು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದ ಮನೆಗಳಾದರೆ ಬಯಲುಸೀಮೆಯ ದರ 1.20 ಲಕ್ಷ ರೂ.; ಅದರಲ್ಲಿ ಕೇಂದ್ರದ ಪಾಲು 72 ಸಾವಿರ. ಇಂತಹ ಮನೆಗಳ ಮೇಲೆ ಕೇಂದ್ರ ಯೋಜನೆಯ ಲಾಂಛನ ಇರಬೇಕೇ ಬೇಡವೇ ಎಂದು 2023-24ರಲ್ಲಿ ಎರಡು ಸರಕಾರಗಳ ನಡುವೆ ದೊಡ್ಡ ವಾದವೇ ನಡೆಯಿತು. ಬಡವರ ಮನೆಗೆ ಹಣೆಪಟ್ಟಿ ಅಂಟಿಸುವುದು ಅವರ ಮರ್ಯಾದೆಗೆ ಕುಂದು ಎಂಬುದು ಆಗ ರಾಜ್ಯದ ನಿಲುವಾಗಿತ್ತು. ಹೊರಗೋಡೆಯಲ್ಲಿ ಯಾರ ಹೆಸರಿರಬೇಕೆಂದು ಜಗಳವಾಡಿದವರಲ್ಲಿ ಒಳಗೋಡೆಯ ಖರ್ಚನ್ನು ಲೆಕ್ಕ ಹಾಕಿದವರು ಕಡಿಮೆ.

ಆ ಲೆಕ್ಕ ಸಣ್ಣದಲ್ಲ. ನೆಲದ ವಿಸ್ತೀರ್ಣದ ಸುಮಾರು ಮೂರೂವರೆ ಪಟ್ಟು ಒಳಗಿನ ಗೋಡೆ ಮತ್ತು ಮಾಡಿನ ಅಡಿಭಾಗ ಇರುತ್ತದೆ ಎಂಬುದು ಪೈಂಟ್ ಕೆಲಸದವರ ಅಂದಾಜು. 400 ಚದರಡಿಯ ಮನೆ ಎಂದರೆ 1,400 ಚದರಡಿ. ಪುಟ್ಟಿ ಎರಡು ಸಲ, ಪ್ರೈಮರ್ ಒಂದು ಸಲ, ಬಣ್ಣ ಎರಡು ಸಲ ಎಂದರೆ ಕೆಲಸದವರ ಕೈ ಅದೇ ಗೋಡೆಯ ಮೇಲೆ ಐದು ಬಾರಿ ಓಡಬೇಕು. ಹೀಗಾಗಿ ಡಬ್ಬದ ಬೆಲೆಯಷ್ಟೇ ಕೂಲಿಯೂ ಭಾರ. ರಿಸರ್ವ್ ಬ್ಯಾಂಕಿನ ಅಂಕಿಅಂಶದ ಪ್ರಕಾರ 2022-23ರಲ್ಲಿ ಕೇರಳದ ಗ್ರಾಮೀಣ ಕಟ್ಟಡ ಕಾರ್ಮಿಕರ ಸರಾಸರಿ ದಿನಗೂಲಿ 852.50 ರೂ.; ದೇಶದ ಸರಾಸರಿ 393.30 ರೂ. ದುಡಿಯುವವರಿಗೆ ಇದು ನ್ಯಾಯವಾದ ಗಳಿಕೆಯೇ. ಆದರೆ ತಾನೂ ಕೂಲಿ ಮಾಡಿ ಮನೆ ಕಟ್ಟುವವನಿಗೆ ಅದನ್ನು ಹೊಂದಿಸುವುದು ಕಷ್ಟ.

ತೆರಿಗೆಯ ವಿಷಯದಲ್ಲೂ ಬಣ್ಣಕ್ಕೆ ಇತ್ತೀಚೆಗೆ ವಿನಾಯಿತಿ ಸಿಕ್ಕಿಲ್ಲ. 2018ರ ಜುಲೈಯಲ್ಲಿ ಪೈಂಟಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿತ್ತು. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ತೆರಿಗೆಯೂ ಶೇ. 28ರಿಂದ 18ಕ್ಕೆ ಇಳಿಯಿತು. ಆಗ ಪೈಂಟಿನ ದರ ಇದ್ದಲ್ಲೇ ಉಳಿಯಿತು. ತೆರಿಗೆಗೆ ಮುನ್ನ 300 ರೂ. ಬೆಲೆಯ ಸಿಮೆಂಟ್ ಚೀಲ ಮೊದಲು 384 ರೂ. ಆಗುತ್ತಿದ್ದರೆ ನಂತರ 354 ರೂ. ಆಗಬೇಕು. 150 ಚೀಲಕ್ಕೆ ಉಳಿಯುವುದು 4,500 ರೂ. ಇದು ಬಣ್ಣದ ಖರ್ಚಿನ ಒಂದು ಭಾಗಕ್ಕಷ್ಟೇ ಸಾಲುತ್ತದೆ.

ಹಣಕ್ಕಿಂತ ಹೆಚ್ಚು ನಷ್ಟ ತರುವುದು ಅವಸರ. ಮಾರ್ಚ್ ಅಂತ್ಯಕ್ಕೆ ಮನೆ ಪೂರ್ತಿಯಾಗಬೇಕೆಂಬ ಒತ್ತಡ ಪಂಚಾಯತಿನದು. ಮಳೆ ಹಿಡಿಯುವ ಮೊದಲು, ಆಟಿಗೆ ಮುನ್ನ ಮನೆ ಒಕ್ಕಲು ಆಗಬೇಕೆಂಬ ಆಸೆ ಮನೆಯವರದು. ಸಾರಣೆಯಾದ ಎರಡೇ ವಾರದಲ್ಲಿ ಪುಟ್ಟಿ ಎಳೆದು ಬಣ್ಣ ಹೊಡೆದರೆ ಒಕ್ಕಲಿನ ದಿನ ಗೋಡೆ ಚೆನ್ನಾಗಿಯೇ ಕಾಣುತ್ತದೆ. ಹೊಸ ಸಿಮೆಂಟಿನೊಳಗೆ ನೀರೂ ಕ್ಷಾರವೂ ಇರುತ್ತದೆ. ಮುರಕಲ್ಲು ಕೂಡ ನೀರು ಹೀರುವ ಕಲ್ಲು. ಬಣ್ಣದ ಪೊರೆಯಡಿ ಸಿಕ್ಕಿಬಿದ್ದ ತೇವ ಹೊರಬರಲು ನೋಡುವಾಗ ಬಿಳಿ ಪುಡಿ ಏಳುತ್ತದೆ, ಗುಳ್ಳೆ ಬರುತ್ತದೆ, ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಸಾಲ ತೀರುವ ಮೊದಲೇ ಬಣ್ಣ ಕಳಚುತ್ತದೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಸಾರಣೆಗೆ ವಾರವಿಡೀ ನೀರುಣಿಸಿದ ಬಳಿಕ ಕನಿಷ್ಠ ಒಂದು ತಿಂಗಳು ಒಣಗಲು ಬಿಡಬೇಕು. ಮಳೆಗಾಲವಾದರೆ ಇನ್ನೂ ಹೆಚ್ಚು. ಒಂದು ಚದರಡಿಯಷ್ಟು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿ ಮರುದಿನ ನೋಡಿದರೆ, ಒಳಗೆ ನೀರಹನಿ ಕಂಡಲ್ಲಿ ಗೋಡೆ ಇನ್ನೂ ಹಸಿ ಎಂದರ್ಥ. ಒಕ್ಕಲಿಗೆ ಗೋಡೆ ಬೆಳ್ಳಗಾದರೆ ಸಾಕೆನ್ನುವವರು ವೈಟ್ ಸಿಮೆಂಟ್ ಹಚ್ಚಿ, ಪುಟ್ಟಿ ಮತ್ತು ಬಣ್ಣವನ್ನು ದೀಪಾವಳಿ ಕಳೆದ ಮೇಲೆ ಮಾಡಿಸಬಹುದು. ಸುಣ್ಣ ಇನ್ನೂ ಅಗ್ಗ, ಅದರ ತೆರಿಗೆಯೂ ಶೇ. 5 ಮಾತ್ರ. ಆದರೆ ಮುಂದೆ ಎಮಲ್ಷನ್ ಬಳಿಯುವ ಮುನ್ನ ಸುಣ್ಣವನ್ನು ಚೆನ್ನಾಗಿ ಕೆರೆದು ತೆಗೆಯಬೇಕು, ಇಲ್ಲವಾದರೆ ಬಣ್ಣ ಹಿಡಿಯದು.

ಬಾಗಿಲು, ಕಿಟಕಿಯ ಸರಳುಗಳಿಗೆ ಬಳಿಯುವ ಎಣ್ಣೆ ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಮನೆ ಬಣ್ಣದಲ್ಲಿ ಸೀಸದ ಅಂಶ 90 ಪಿ.ಪಿ.ಎಂ. ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಅದಕ್ಕೆ ಸುರಕ್ಷಿತ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಮಿತಿಯೊಳಗಿದೆ ಎಂಬ ವಿವರ ಡಬ್ಬದ ಮೇಲೆ ಇರಬೇಕು. ಆದರೆ ಪೊಟ್ಟಣಗಳ ಮೇಲಿನ ಕಡ್ಡಾಯ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಕಾನೂನಿಗೆ ಸಾಕು. ಕನ್ನಡ, ಮಲಯಾಳ ಎರಡನ್ನೂ ಓದಬಲ್ಲ ಮಂಜೇಶ್ವರದ ತಾಯಿಗೂ ಆ ಸಣ್ಣ ಅಕ್ಷರ ಉಪಯೋಗಕ್ಕೆ ಬಾರದೆ ಹೋಗಬಹುದು. ಹೆಸರಿಲ್ಲದ ಅಗ್ಗದ ಡಬ್ಬ ಕೊಳ್ಳುವ ಮುನ್ನ ಓದಬಲ್ಲವರಿಂದ ಓದಿಸುವುದು ಲೇಸು.

ಮನೆ ಪಟ್ಟಿ ಗ್ರಾಮಸಭೆಯ ಮುಂದೆ ಬರುವಾಗ ಈ ಮಾತುಗಳೂ ಅಲ್ಲಿ ಬರಬೇಕು. ಅಂದಾಜು ಪಟ್ಟಿಯಲ್ಲಿ ಒಳಗೋಡೆಯ ಬಣ್ಣಕ್ಕೂ ಸ್ಥಾನ ಬೇಕು. ಗೋಡೆ ಒಣಗುವ ಕಾಲವನ್ನು ಪೂರ್ತಿ ಮಾಡುವ ಅವಧಿಯಲ್ಲಿ ಸೇರಿಸಬೇಕು. ಸೀಸದ ಎಚ್ಚರಿಕೆ ಕನ್ನಡದಲ್ಲೂ ಮಲಯಾಳದಲ್ಲೂ ಅಂಗಡಿಯ ಗೋಡೆಯಲ್ಲಿ ಕಾಣಬೇಕು. ಇದಕ್ಕೆ ದೊಡ್ಡ ಅನುದಾನವೇನೂ ಬೇಡ. ಬಡವರ ಮರ್ಯಾದೆಯ ಮಾತಾಡುವವರು ಅವರ ಮನೆಯ ಒಳಗೋಡೆಯನ್ನೂ ಒಮ್ಮೆ ನೋಡಿದರೆ ಸಾಕು.